ಘೇಂಡಾಮೃಗದ ಬೆಡಗೂ ನನ್ನ ಮೀಸೆಯೂ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಟ್ರ್ಯಾಕ್ಸ್ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಅವರ ಗಾಡಿ ಹತ್ತಿದವರು ಹತ್ತಿದ ಹಾಗೇ ಇಳಿದು ಮನೆಗೆ ಹೋಗುತ್ತಾರೆ. ನನ್ನ ಗಾಡಿ ಹತ್ತಿದವರು ಮಾತ್ರ ಮನೆಯಲ್ಲಿ ಒಂದು ಕಥೆ ಹೇಳದೆ ಊಟಕ್ಕೆ ಕೂತದ್ದಿಲ್ಲ. ಇದಕ್ಕೆ ನಾನೇನೂ ಮಾಡುವುದಿಲ್ಲ. ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿರುತ್ತೇನೆ. ಪ್ರಸಂಗಗಳೇ ದಾರಿಯಲ್ಲಿ ಕೈ ತೋರಿಸಿ, ಗಾಡಿ ನಿಲ್ಲಿಸಿ ಹತ್ತಿಕೊಳ್ಳುತ್ತವೆ.

ಮೊದಲು ನನ್ನ ಮೀಸೆಯ ವಿಚಾರ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಕಷ್ಟಕ್ಕೆ ಸಿಕ್ಕಿದ್ದು ಅದೇ. ತಿರುವಿನಲ್ಲಿ ಮೊದಲು ಮೀಸೆ ಬರುತ್ತದೆ, ಆಮೇಲೆ ಗಾಡಿ. ಹಾಗಾಗಿ ನನಗೆ ಹಾರ್ನ್ ಖರ್ಚಿಲ್ಲ. ಉಳ್ಳಾರ್ತಿ ಕಾವಲಿನಲ್ಲಿ ಒಂದು ಅಮೃತಮಹಲ್ ಹೋರಿ ರಸ್ತೆಗೆ ಅಡ್ಡ ನಿಂತು ಲಾರಿಗಳನ್ನೇ ಹಿಂದಕ್ಕೆ ಕಳಿಸುತ್ತಿತ್ತು. ನನ್ನ ಮೀಸೆ ಕಂಡು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯಿತು. ಆ ಹೋರಿ ಈಗಿಲ್ಲ. ಇದ್ದಿದ್ದರೆ ನೀವೇ ಹೋಗಿ ಕೇಳಬಹುದಿತ್ತು.

೧. ಸತ್ತವರ ಸಂಬಂಧ

ನನ್ನ ತಂಗಿಯ ಮಗಳು ಒಬ್ಬಳಿದ್ದಾಳೆ. ದೊಡ್ಡ ಓದು ಓದುತ್ತಿದ್ದಾಳೆ. ದಸರಾ ರಜೆಗೆ ನಮ್ಮ ಮನೆಗೆ ಬಂದವಳು ಜಗಲಿಯ ಮೇಲೆ ಚಿತ್ರಗಳನ್ನು ಹರಡಿಕೊಂಡು ಕೂತಳು. ಎಲ್ಲಾ ಹಲ್ಲಿನ ಚಿತ್ರ, ದವಡೆಯ ಚಿತ್ರ. ನಮ್ಮವ್ವ ಎಲೆಗೆ ಸುಣ್ಣ ಹಚ್ಚುತ್ತಾ, ಏನಿದು ಅಂತ ಕೇಳಿದಳು. ಹುಡುಗಿ ಹೇಳಿದಳು, ಹಿಂದಿನ ಕಾಲದಲ್ಲಿ ಲೋಕದ ತುಂಬಾ ಥರಾವರಿ ಘೇಂಡಾಮೃಗಗಳಿದ್ದವಂತೆ, ಬಹುಪಾಲು ನಿರ್ನಾಮವಾದವಂತೆ, ಅವುಗಳಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಕಂಡುಹಿಡಿಯುವುದೇ ಇವಳ ಓದಂತೆ.

ಅವ್ವ ಸುಣ್ಣದ ಬೆರಳು ಹಾಗೇ ಎತ್ತಿ ಹಿಡಿದಳು. ಯಾರು ಯಾರಿಗೆ ಏನಾಗಬೇಕು ಅನ್ನುವುದು ನಮ್ಮ ಬೀದಿಯಲ್ಲಿ ಅವ್ವನ ಇಲಾಖೆ. ಹೆಣ್ಣು ಗಂಡಿನ ಮಾತು ಎದ್ದರೆ ಜನ ಮೊದಲು ಅವ್ವನ ಹತ್ತಿರ ಬರುತ್ತಾರೆ. ಎರಡೂ ಕಡೆಯವರ ಬೆಡಗು, ಅಂದರೆ ಒಂದೇ ಮೂಲಪುರುಷನಿಂದ ಬಂದ ಮನೆತನ, ಯಾವುದು ಅಂತ ಅವ್ವ ವಿಚಾರಿಸುತ್ತಾಳೆ. ಒಂದೇ ಬೆಡಗಾದರೆ ಅಣ್ಣ ತಂಗಿ. ಸಂಬಂಧ ಅಲ್ಲಿಗೇ ಮುಗಿಯಿತು.

"ಎಷ್ಟು ಬೆಡಗು ಇದ್ವು ಅವುಕ್ಕೆ?" ಅಂದಳು ಅವ್ವ.

ಹುಡುಗಿ ನಗಲಿಲ್ಲ. ಅವಳೂ ಅವ್ವನ ಮೊಮ್ಮಗಳೇ ತಾನೆ? ದೊಡ್ಡ ಬೆಡಗುಗಳನ್ನು ಒಂದೊಂದಾಗಿ ಹೇಳಿದಳು. ಕುದುರೆಯ ಹಾಗೆ ಸಣ್ಣ ಕಾಲಿನಲ್ಲಿ ಓಡುತ್ತಿದ್ದವು ಒಂದು. ನೀರಲ್ಲಿ ಬಿದ್ದಿರುತ್ತಿದ್ದವು ಇನ್ನೊಂದು. ಮಾಳಿಗೆ ಮನೆಗಿಂತ ಎತ್ತರವಾಗಿ, ಉದ್ದ ಕತ್ತು ಚಾಚಿ ಮರದ ತುದಿ ಮೇಯುತ್ತಿದ್ದವು ಮತ್ತೊಂದು. ಇವು ಯಾವಕ್ಕೂ ಕೊಂಬೇ ಇರಲಿಲ್ಲವಂತೆ. ಈಗ ಉಳಿದಿರುವ ಕೊಂಬಿನವೆಲ್ಲ ಕೊನೆಯ ಬೆಡಗಿನವು. ಮೈತುಂಬ ಉಣ್ಣೆ ಇದ್ದು, ಹಿಮದಲ್ಲಿ ಓಡಾಡಿ ಅಳಿದುಹೋದವು ಕೂಡ ಈ ಕೊನೆಯ ಬೆಡಗಿನವೇ. ಉಣ್ಣೆ ಅಂದಕೂಡಲೇ ಅವ್ವ, ಒಂದನ್ನು ಕತ್ತರಿಸಿದ್ದರೆ ಎಷ್ಟು ಕಂಬಳಿ ಆಗುತ್ತಿತ್ತು ಅಂತ ಯೋಚನೆಗೆ ಬಿದ್ದಳು.

"ಆ ಎತ್ತರದವನ್ನ ಮೊದಲು ಓಡೋವುಗಳ ಬೆಡಗಿಗೇ ಸೇರಿಸಿದ್ರು ಅಜ್ಜಿ. ಆಮೇಲೆ ಬೇರೆ ಬೆಡಗು ಅಂತ ಮಾಡಿದ್ರು. ಈಗಲೂ ಜಗಳ ಐತೆ."

"ಬೆಡಗು ಬದಲಾಯಿಸಿದ್ರಾ? ಯಾರನ್ನ ಕೇಳಿ?" ಅವ್ವನಿಗೆ ಇದನ್ನು ಸಹಿಸಲಾಗಲಿಲ್ಲ. ಸ್ವಲ್ಪ ಹೊತ್ತು ಎಲೆ ಅಗಿದು ಮುಖ್ಯವಾದ ಪ್ರಶ್ನೆಗೆ ಬಂದಳು. "ಅದಿರ್ಲಿ, ಅವು ಹೆಣ್ಣು ತರ್ತಿದ್ದಿದ್ದು ಯಾವ ಬೆಡಗಿಂದ?"

"ಅವುಗಳ ಬೆಡಗಿನೊಳಗೇ, ಅಜ್ಜಿ."

ಅವ್ವ ಚಿತ್ರಗಳನ್ನೆಲ್ಲ ಒಟ್ಟು ಮಾಡಿ ಅವಳ ಕೈಗೆ ಕೊಟ್ಟಳು. "ಯಾಕೆ ನಿರ್ನಾಮ ಆದ್ವು ಅಂತ ಇನ್ನೇನು ಓದ್ತೀಯಾ, ಬಿಡು."

೨. ಕೊಂಬಲ್ಲದ ಕೊಂಬು

ಇಂಥ ಜ್ಞಾನ ಮನೆಯಲ್ಲಿರುವಾಗ ಗಾಡಿಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಪ್ರಯಾಣಿಕರಿಗೆ ಮಾಡುವ ಅನ್ಯಾಯ. ಮಾರನೆಯ ದಿನ ಊರು ದಾಟುವ ಮುಂಚೆಯೇ ಶುರು ಮಾಡಿದೆ.

ನನ್ನ ಪಕ್ಕದ ಸೀಟಿನಲ್ಲಿ ಕಿಲಾರಿ ಅಜ್ಜ ಕೂತಿದ್ದ. ಕಿಲಾರಿ ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ದನಗಳಿಗೆ ನೊಗ ಕಟ್ಟುವಂತಿಲ್ಲ, ಮಾರುವಂತಿಲ್ಲ. ಅಜ್ಜನ ಮನೆಮಾತು ತೆಲುಗು. ಕನ್ನಡ ಮಾತಾಡುವಾಗಲೂ ಅನುಮಾನ ಬಂದರೆ ತೆಲುಗಿಗೆ ಇಳಿಯುತ್ತಾನೆ. ಘೇಂಡಾಮೃಗ ದನದ ಜಾತಿಯಲ್ಲ, ಎಮ್ಮೆಯ ಜಾತಿಯೂ ಅಲ್ಲ, ಕುದುರೆ ಕತ್ತೆಗಳ ಕಡೆಯದು ಅಂತ ನಾನು ಹೇಳಿದ್ದೇ ತಡ, ಅಜ್ಜ ನನ್ನ ಕಡೆ ತಿರುಗಿದ.

"ಅವುನಾ?"

ಹೌದು ಅಂದೆ. ಕೊಂಬಿರುವುದೆಲ್ಲ ದನದ ಬಳಗವೇ, ಕುದುರೆಗೆಲ್ಲಿ ಕೊಂಬು ಅಂದ ಅಜ್ಜ. ಅದಕ್ಕೆ ನಾನು, ದನದ ಕೊಂಬಿನೊಳಗೆ ಎಲುಬಿರುತ್ತದೆ, ಘೇಂಡಾಮೃಗದ್ದು ಕೊಂಬೇ ಅಲ್ಲ, ನಮ್ಮ ಉಗುರು ಕೂದಲು ಇರುತ್ತವಲ್ಲ, ಅದೇ ಪದಾರ್ಥ ಒತ್ತಾಗಿ ಬೆಳೆದು ಗಟ್ಟಿಯಾದದ್ದು, ಮಣ್ಣಿಗೆ ಬಿದ್ದರೆ ಕೊಳೆತು ಹೋಗುತ್ತದೆ, ಅದಕ್ಕೇ ಓದಿದವರು ಕೊಂಬು ನಂಬದೆ ಹಲ್ಲು ನೋಡಿ ಬೆಡಗು ಹೇಳುತ್ತಾರೆ ಅಂತ ವಿವರಿಸಿದೆ. ಹುಡುಗಿಯ ಬಾಯಿಂದ ಬಂದಾಗ ಇಷ್ಟು ಚೆನ್ನಾಗಿರಲಿಲ್ಲ.

ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ನನ್ನ ಮೀಸೆಯನ್ನೇ ನೋಡುತ್ತಾ, "ಹಂಗಾರೆ ಅಣ್ಣಾ, ನೀವು ಇನ್ನೊಂದಿಷ್ಟು ಎಣ್ಣೆ ಹಚ್ಚಿದ್ರೆ ತಿವಿಯೋಕೆ ಬರ್ತೈತಾ?" ಅಂದಳು. ಗಾಡಿ ಪೂರ್ತಿ ನಕ್ಕಿತು. ನಗಲಿ, ಪರವಾಗಿಲ್ಲ. ಆದರೆ ಕಿಲಾರಿ ಅಜ್ಜ ನಗಲಿಲ್ಲ. ನಿನ್ನ ಘೇಂಡಾಮೃಗ ಯಾವ ಸೀಮೆಯದೋ, ನಮ್ಮ ಸೀಮೆಯ ಮಾತು ಆಡು ಅಂದ.

ಇಲ್ಲಿ ನನಗೆ ರೋಷ ಬಂತು. ನಮ್ಮ ರಾಜ್ಯದಲ್ಲೇ, ಗೋಕಾಕದ ಕಡೆ ಹಳ್ಳದ ದಂಡೆಯಲ್ಲಿ, ಅಳಿದುಹೋದ ಘೇಂಡಾಮೃಗದ ಎಲುಬು ಸಿಕ್ಕಿದ್ದವು ಅಂತ ಹುಡುಗಿ ಹೇಳಿದ್ದಳು. ಅಲ್ಲಿ ಸಿಕ್ಕಿದ್ದು ಇಲ್ಲಿ ಯಾಕೆ ಸಿಗಬಾರದು? ಹುಡುಗಿಗೆ ಪಾಠ ಹೇಳುವ ಮೇಡಂ ಮುಂದಿನ ವಾರ ನಮ್ಮ ಮನೆಗೆ ಬರುವವರಿದ್ದರು. ನಾನು ಮೀಸೆ ತೀಡಿದೆ.

"ಮೇಡಂ ಬರೋದ್ರೊಳಗೆ ನಮ್ಮ ಸೀಮೆ ಹಳ್ಳದಾಗೆ ಘೇಂಡಾಮೃಗದ ಹಲ್ಲು ತೆಗೆದು ತೋರಿಸ್ತೀನಿ ಅಜ್ಜಾ. ತೋರಿಸದಿದ್ರೆ ಈ ಮೀಸೆ ಬೋಳಿಸ್ತೀನಿ."

ಕಟ್ಟಕಡೆಯ ಸೀಟಿನಲ್ಲಿ ಅಷ್ಟು ಹೊತ್ತೂ ತೂಕಡಿಸುತ್ತಿದ್ದ, ಬಸ್ ಸ್ಟ್ಯಾಂಡ್ ಎದುರಿನ ಕಟಿಂಗ್ ಶಾಪಿನ ಯಜಮಾನ ಕಣ್ಣು ಬಿಟ್ಟ.

"ಮಂಗಳವಾರ ಒಂದು ಬಿಟ್ಟು ಯಾವಾಗ ಬೇಕಾದ್ರೂ ಬರ್ರಿ."

೩. ಕೊಂಡ್ಲಹಳ್ಳಿಯ ದವಡೆ ಸಂತೆ

ನಾಲ್ಕಾರು ಊರು ಸುತ್ತುವ ಗಾಡಿಯಲ್ಲಿ ಆಡಿದ ಮಾತು ಗಾಡಿಗಿಂತ ಮುಂಚೆ ಊರು ಸೇರುತ್ತದೆ. ಹುಡುಗಿಯನ್ನು ಹಳ್ಳದ ದಂಡೆ ತೋರಿಸಲು ಕೊಂಡ್ಲಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಅರಳಿಕಟ್ಟೆಯ ಹತ್ತಿರ ಜನ ಆಗಲೇ ಕಾಯುತ್ತಾ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಎಲುಬು. ಗೋಣಿಚೀಲದಲ್ಲಿ, ಟವೆಲ್ಲಿನಲ್ಲಿ, ಒಬ್ಬಾಕೆಯ ಹತ್ತಿರ ರಾಗಿ ಮೊರದಲ್ಲಿ.

ಹುಡುಗಿ ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ನೋಡಿದಳು. ಇದು ಎತ್ತು, ಇದು ಮೇಕೆ, ಇದು ಕಾಡುಹಂದಿ. ಹಳ್ಳದಲ್ಲಿ ಸಿಕ್ಕಿದ್ದು ಯಾವ ಪದರದಲ್ಲಿ, ಜಲ್ಲಿಯಲ್ಲೋ ಮಣ್ಣಿನಲ್ಲೋ ಅಂತ ಕೇಳಿದಳು. ಘೇಂಡಾಮೃಗದ ಮೇಲ್ದವಡೆಯ ಹಲ್ಲು ಹೇಗಿರುತ್ತದೆ ಅಂತ ನೆಲದ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದಳು. ಎರಡು ಕಂಬ ನಿಲ್ಲಿಸಿ ಮೇಲೊಂದು ತೊಲೆ ಇಟ್ಟ ಹಾಗೆ, ಬಾಗಿಲ ಚೌಕಟ್ಟಿನ ಹಾಗೆ ಹಲ್ಲಿನ ಮೇಲೆ ಗೆರೆ ಇರುತ್ತದಂತೆ. ಜನ ತಮ್ಮ ತಮ್ಮ ಎಲುಬಿನಲ್ಲಿ ಬಾಗಿಲು ಹುಡುಕಲು ಕೂತರು. ಯಾರ ಮನೆಗೂ ಬಾಗಿಲಿರಲಿಲ್ಲ. ನನ್ನ ಮೀಸೆಯ ಮೇಲೆ ಆಗಲೇ ಒಬ್ಬಿಬ್ಬರು ಕರುಣೆಯಿಂದ ಕಣ್ಣಾಡಿಸಿದರು.

ಕೊನೆಗೆ ಒಬ್ಬ ಮುದುಕ ಬಂದ. ಪೇಪರಿನಲ್ಲಿ ಸುತ್ತಿದ್ದ ಒಂದೇ ಹಲ್ಲು ಕೊಟ್ಟ. ಎಲ್ಲಿ ಸಿಕ್ಕಿತು ತಾತ ಅಂದರೆ, ನೀನೇ ಹೇಳು ಅಂದ. ಹುಡುಗಿ ತಿರುಗಿಸಿ ತಿರುಗಿಸಿ ನೋಡಿ, ಇದು ಪ್ರಾಣಿಯದಲ್ಲ, ಮನುಷ್ಯನದು, ವಯಸ್ಸಾಗಿದೆ, ಎಲೆ ಅಡಿಕೆ ಹೊಗೆಸೊಪ್ಪು ಜಾಸ್ತಿ, ಒಂದೇ ಕಡೆ ಅಗಿಯುವ ಅಭ್ಯಾಸ ಅಂದಳು. ಇದನ್ನು ಎಲ್ಲಿಂದ ಅಗೆದಿರಿ, ಪೊಲೀಸರಿಗೆ ಹೇಳಬೇಕಾಗುತ್ತದೆ ಅಂತ ಗಾಬರಿಯೂ ಬಿದ್ದಳು.

ಮುದುಕ ಬಾಯಿ ಅಗಲಿಸಿ ಖಾಲಿ ಜಾಗ ತೋರಿಸಿದ.

"ಗಾಬರಿ ಬೀಳ್ಬೇಡ ತಾಯಿ, ನಂದೇ. ನಿನಗೆ ವಿದ್ಯೆ ಐತೋ ಇಲ್ಲೋ ನೋಡೋಣ ಅಂತ ತಂದೆ."

ಬರುವಾಗ ಊರಾಚೆ ಹಳ್ಳದ ಹತ್ತಿರ ಟೈರು ಪಂಕ್ಚರ್ ಆಯಿತು. ಅದೃಷ್ಟವಂತರ ಟೈರು ಎಲ್ಲೆಲ್ಲೋ ಪಂಕ್ಚರ್ ಆಗುವುದಿಲ್ಲ. ಹುಡುಗಿ ದೂರದಲ್ಲಿ ದಂಡೆಯ ಮಣ್ಣು ನೋಡುತ್ತಿದ್ದಳು. ಚಕ್ರಕ್ಕೆ ಅಡ್ಡ ಕೊಡಲು ಕಲ್ಲು ಹುಡುಕುತ್ತಿದ್ದ ನನ್ನ ಕೈಗೆ ಬಂದದ್ದು ಕಲ್ಲಲ್ಲ, ಹಲ್ಲು. ಉದ್ದನೆಯದು, ಹಳದಿ, ತೂಕದ್ದು. ಬಾಗಿಲು ಇದೆಯೋ ಅಂತ ಬಿಸಿಲಿಗೆ ಹಿಡಿದು ನೋಡಿದೆ. ಬೇಕು ಅಂತ ನೋಡಿದರೆ ಒಂದಲ್ಲ, ಮೂರು ಬಾಗಿಲು ಕಂಡವು. ಹುಡುಗಿಗೆ ಹೇಳಲಿಲ್ಲ. ಇಂಥ ವಸ್ತುವನ್ನು ಶಿಷ್ಯರಿಗೆ ತೋರಿಸಿ ಸಣ್ಣದು ಮಾಡಬಾರದು, ನೇರ ಗುರುಗಳ ಕೈಗೇ ಇಡಬೇಕು. ಟವೆಲ್ಲಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟೆ.

೪. ಪೆಟ್ಟಿಗೆಯೊಳಗಿನವರು

ಮೇಡಂ ಬರುವ ಮುಂಚೆ ಅವರ ಪೆಟ್ಟಿಗೆ ಬಂತು. ಮರದ ಪೆಟ್ಟಿಗೆ, ಒಳಗೆ ಹುಲ್ಲು, ಹುಲ್ಲಿನೊಳಗೆ ಅಳಿದುಹೋದ ಘೇಂಡಾಮೃಗದ ಹಲ್ಲಿನ ಅಚ್ಚು. ನಿಜವಾದ ಹಲ್ಲಿಗೆ ಗಾರೆ ಒತ್ತಿ ತೆಗೆದ ನಕಲು. ಹಳ್ಳದಲ್ಲಿ ಏನಾದರೂ ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ. ಪೆಟ್ಟಿಗೆ ಬಂದಾಗ ನಾನೂ ಹುಡುಗಿಯೂ ಜಟಿಂಗ ರಾಮೇಶ್ವರದ ಬೆಟ್ಟದ ಕಡೆ ಹೋಗಿದ್ದೆವು. ಮನೆಯಲ್ಲಿದ್ದದ್ದು ಅವ್ವ ಒಬ್ಬಳೇ.

ನಮ್ಮ ಕಡೆ ದೇವರು ಪೆಟ್ಟಿಗೆಯಲ್ಲಿರುತ್ತಾನೆ. ಅವನ ದಿನ ಬಂದಾಗ ಮಡಿಯಲ್ಲಿ ಹೊರಗೆ ತೆಗೆದು ಪೂಜೆ ಮಾಡಿ ಮತ್ತೆ ಪೆಟ್ಟಿಗೆಗೇ ಇಡುತ್ತಾರೆ. ಪೆಟ್ಟಿಗೆ ನೆಲಕ್ಕೆ ತಾಗುವಂತಿಲ್ಲ. ತಂದವನು ಅವ್ವನ ಹತ್ತಿರ, ಜೋಪಾನ ಅಜ್ಜಿ, ತುಂಬಾ ಹಳೆಯದು, ಎತ್ತಿ ಹಾಕಬೇಡಿ, ಸುಮ್ಮಸುಮ್ಮನೆ ತೆಗೆಯಬೇಡಿ ಅಂತ ಹೇಳಿಹೋಗಿದ್ದ. ಅವ್ವನಿಗೆ ಇನ್ನೇನು ಬೇಕು? ನಾವು ಬರುವಷ್ಟರಲ್ಲಿ ಪೆಟ್ಟಿಗೆ ಕಂಬಳಿ ಗದ್ದುಗೆಯ ಮೇಲೆ ಕೂತಿತ್ತು. ಅರಿಶಿನ ಕುಂಕುಮ ಆಗಿತ್ತು. ಪಕ್ಕದ ಮನೆಯವರು ಚಪ್ಪಲಿ ಬಿಟ್ಟು ಬಂದು ಸುತ್ತು ಹಾಕುತ್ತಿದ್ದರು.

ಹುಡುಗಿ ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. ಹಲ್ಲೋ ಕಲ್ಲೋ, ಕೂರಿಸಿದ್ದಾಯಿತು, ಸೋಮವಾರಕ್ಕೆ ಮುಂಚೆ ತೆಗೆಯುವಂತಿಲ್ಲ ಅಂದಳು. ಮೇಡಂ ಬಂದದ್ದು ಅದಕ್ಕೂ ಮುಂಚಿನ ಬುಧವಾರ. ಕೂದಲೆಲ್ಲ ಬೆಳ್ಳಗಾದ, ಸಣ್ಣ ಧ್ವನಿಯ ಹೆಂಗಸು. ಏನು ಹೇಳುತ್ತಾರೋ ಅಂತ ಹುಡುಗಿ ಬೆವೆತಳು. ಮೇಡಂ ಗದ್ದುಗೆ ನೋಡಿದರು, ಅವ್ವನ ಮುಖ ನೋಡಿದರು. ನೇರ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದರು. ಅವ್ವ ಅಷ್ಟಕ್ಕೆ ಕರಗಿ, ದೂರದಿಂದ ಬಂದವರಿಗೆ ಮುಚ್ಚಳ ಸ್ವಲ್ಪ ಸರಿಸಿ ದರ್ಶನ ಮಾಡಿಸಬಹುದು ಅಂದಳು.

ಮೇಡಂ ಬಗ್ಗಿ ನೋಡಿ ಹಣೆಗೆ ಕುಂಕುಮ ಇಡಿಸಿಕೊಂಡರು. "ಇಷ್ಟು ವರ್ಷ ಈ ಹಲ್ಲನ್ನ ಮೇಜಿನ ಮೇಲಿಟ್ಟು ನೋಡಿದ್ದೇನಮ್ಮ," ಅಂದರು. "ಇದು ಇಷ್ಟು ಮರ್ಯಾದಸ್ಥರ ಮನೆಯದು ಅಂತ ಇವತ್ತೇ ಗೊತ್ತಾಗಿದ್ದು."

೫. ತೀರ್ಪು

ಆ ದಿನ ಜಗಲಿಯ ತುಂಬ ಜನ. ಕಿಲಾರಿ ಅಜ್ಜ ಬಂದಿದ್ದ. ಕಟಿಂಗ್ ಶಾಪಿನ ಯಜಮಾನ ಚೀಲ ಸಮೇತ ಬಂದು ಒಂದು ಮೂಲೆಯಲ್ಲಿ ಸಭ್ಯವಾಗಿ ಕೂತಿದ್ದ. ನಾನು ಒಳಗೆ ಹೋಗಿ ಮೀಸೆಗೆ ಎಣ್ಣೆ ಹಚ್ಚಿ ಬಂದು, ಎಲ್ಲರ ಮುಂದೆ ಟವೆಲ್ ಬಿಚ್ಚಿ ಹಲ್ಲನ್ನು ಮೇಡಂ ಅಂಗೈಯಲ್ಲಿಟ್ಟೆ. ಹುಡುಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ತಲೆ ಕೆಳಗೆ ಹಾಕಿದಳು. ಸಂತೋಷ ತಡೆಯಲಾರದೆ ಅಂದುಕೊಂಡೆ.

ಮೇಡಂ ಕನ್ನಡಕ ಮೇಲೆತ್ತಿ ಸಾವಕಾಶವಾಗಿ ನೋಡಿದರು. "ಒಳ್ಳೆ ಹಲ್ಲು. ಕುದುರೆ ಮನೆತನದ್ದು," ಅಂದರು.

ಮೇಡಂ ತುಂಬಾ ಒಳ್ಳೆಯವರು. ಆದರೆ ಕಿಲಾರಿ ಅಜ್ಜ ಬಿಡಬೇಕಲ್ಲ. "ಕುದುರೆ ಅಂದ್ರೆ ಕುದುರೇನೇನಮ್ಮ?"

"ಇಲ್ಲ ಅಜ್ಜ. ಕತ್ತೆ."

ಎಷ್ಟು ಹಳೆಯದು ಅಂತ ನಾನು ಕೇಳಿದೆ. ಹಳೆಯದಿರಬಹುದು ಅನ್ನುವ ಆಸೆ. ಈ ಸಲದ ಮಳೆಗಾಲಕ್ಕೆ ಮುಂಚೆ ಬದುಕಿದ್ದಿರಬಹುದು ಅಂದರು ಮೇಡಂ.

ಆದರೆ ನಾನು ಸುಲಭಕ್ಕೆ ಬೀಳುವ ಆಸಾಮಿಯಲ್ಲ. ಘೇಂಡಾಮೃಗಕ್ಕೂ ಕತ್ತೆಗೂ ಬೆಡಗು ಒಂದೇ ಹೌದೋ ಅಲ್ಲವೋ ಅಂತ ಪಾಯಿಂಟ್ ಎತ್ತಿದೆ. ಹೌದು ಅಂದರು ಮೇಡಂ. ಚಿತ್ರ ತೆಗೆದು ಘೇಂಡಾಮೃಗದ ಕಾಲು ತೋರಿಸಿದರು. ಮೂರು ಗೊರಸು, ಭಾರವೆಲ್ಲ ನಡುವಿನದರ ಮೇಲೆ. ಕುದುರೆ ಕತ್ತೆಗಳಲ್ಲಿ ಆ ನಡುವಿನದೊಂದೇ ಉಳಿಯಿತು, ಪಕ್ಕದವು ಕರಗಿಹೋದವು. ದನ ಎಮ್ಮೆ ಮೇಕೆಗಳದ್ದು ಸೀಳಿದ ಜೋಡಿ ಗೊರಸು, ಅವು ಬೇರೆಯೇ ಬೆಡಗು.

ಕಿಲಾರಿ ಅಜ್ಜ ಚಿತ್ರವನ್ನು ಕೈಗೆ ತಗೊಂಡ. ಜನ್ಮವೆಲ್ಲ ದನದ ಹೆಜ್ಜೆಯ ಹಿಂದೆ ನಡೆದವನು. ಆ ಮೂರು ಗೊರಸಿನ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದ. ಇದು ನಮ್ಮ ದನದ ಹೆಜ್ಜೆಯಲ್ಲ ಅಂತ ಒಪ್ಪಿಕೊಂಡ. ಕೊಂಬು ನೋಡಿ ಮೋಸ ಹೋದೆ, ಕಾಲು ನೋಡಬೇಕಿತ್ತು ಅಂದ. ಹಾಗಾದರೆ ಆನೆ ಯಾವ ಬೆಡಗು, ಒಂಟೆ ಯಾವ ಬೆಡಗು ಅಂತ ಮೇಡಂಗೆ ಒಂದೇ ಸಮ ಪ್ರಶ್ನೆ ಹಾಕತೊಡಗಿದ.

ಅಜ್ಜನೇ ಒಪ್ಪಿದ ಮೇಲೆ ಪಂದ್ಯ ನನ್ನದು ಅಂದೆ. ಕತ್ತೆ ಘೇಂಡಾಮೃಗದ ದಾಯಾದಿ, ದಾಯಾದಿಯ ಹಲ್ಲು ತಂದಿದ್ದೇನೆ, ಮೀಸೆ ಇರಲಿ. ಎಲ್ಲರೂ ಅವ್ವನ ಕಡೆ ತಿರುಗಿದರು. ಬೆಡಗಿನ ವ್ಯಾಜ್ಯ ತೀರಿಸುವವಳು ಅವಳೇ ತಾನೆ? ಮಗ ಅನ್ನುವ ಕನಿಕರ ಇರಬಹುದು ಅಂತ ನಾನೂ ತಿರುಗಿದೆ.

"ಅವೆರಡೂ ಬೇರೆ ಆಗಿ ಎಷ್ಟು ಕಾಲ ಆಯ್ತಮ್ಮಾ?" ಅಂತ ಅವ್ವ ಮೇಡಂನ ಕೇಳಿದಳು. ಕೋಟಿಗಟ್ಟಲೆ ವರ್ಷ ಅಂದರು ಮೇಡಂ.

"ಹೋದ ವರ್ಷ ಬೇರೆ ಆದ ನಿನ್ನ ದೊಡ್ಡಪ್ಪನ ಮಗ ಒಂದು ಸೇರು ಕಡ್ಲೆಕಾಯಿ ಕೊಡಲ್ಲ," ಅಂದಳು ಅವ್ವ ನನಗೆ. "ಇನ್ನು ಕೋಟಿ ವರ್ಷದ ದಾಯಾದಿ ಹಲ್ಲು ಕೊಡ್ತಾನೇನೋ? ಬೆಡಗು ಒಂದು, ಮನೆ ಬೇರೆ. ಕೂತ್ಕೋ."

ಮೂಲೆಯಲ್ಲಿ ಚೀಲದ ಜಿಪ್ ಎಳೆದ ಸದ್ದಾಯಿತು. "ಬುಧವಾರಾನೇ ಅಲ್ವೇನ್ರಿ ಇವತ್ತು," ಅಂದ ಯಜಮಾನ.

೬. ತಡವಾಗಿ ಬಂದ ಸುದ್ದಿ

ಮಾರನೆಯ ಬೆಳಿಗ್ಗೆ ಗಾಡಿ ತೆಗೆದೆ. ಧೂಳಿಗೆ ಅಂತ ಎಂದಿನ ಹಾಗೆ ತಲೆಗೆ ಟವೆಲ್ ಸುತ್ತಿದ್ದೆ. ಮೂಗಿನ ಕೆಳಗೆ ಗಾಳಿ ಹೊಸದಾಗಿ ಬೀಸುತ್ತಿತ್ತು. ಜನ ಗೇಲಿ ಮಾಡುತ್ತಾರೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಯಾರೂ ನಗಲಿಲ್ಲ. ಹತ್ತಿದವರು ನನ್ನ ಮುಖ ನೋಡಿ ತಟ್ಟನೆ ತಲೆ ತಗ್ಗಿಸಿ ಕೂತರು. ದಿನಾ ಮುಂದಿನ ಸೀಟಿಗೆ ಜಗಳ ಆಡುವವರು ಹಿಂದೆ ಮುದುರಿಕೊಂಡರು. ಮೀಸೆಯಲ್ಲಿ ತಿವಿಯೋಕೆ ಬರ್ತೈತಾ ಅಂದಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ಇಂಥದ್ರಾಗೂ ಗಾಡಿ ಓಡಿಸ್ತೀರಲ್ಲ ಅಣ್ಣಾ," ಅಂದಳು. ಹಾಡು ಹಾಕು ಅಂತ ಒಬ್ಬನೂ ಕೇಳಲಿಲ್ಲ. ಆಡಿದ ಮಾತು ಉಳಿಸಿಕೊಂಡ ಗಂಡಸಿಗೆ ಈ ರಸ್ತೆಯಲ್ಲಿ ಎಂಥ ಗೌರವ ಅಂತ ನನಗೇ ಎದೆ ತುಂಬಿ ಬಂತು. ಮೀಸೆ ಇದ್ದಾಗಲೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಮೊಳಕಾಲ್ಮೂರು ಮುಟ್ಟಿ ವಾಪಸ್ ಬಂದು ನಮ್ಮ ಬೀದಿಗೆ ತಿರುಗಿದರೆ ಮನೆಯ ಮುಂದೆ ಜನವೋ ಜನ. ಕೊಂಡ್ಲಹಳ್ಳಿಯವರು ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ತನ್ನದೇ ಹಲ್ಲು ತಂದು ತೋರಿಸಿದ್ದ ಆ ಮುದುಕ ಎಲ್ಲರ ಮುಂದೆ, ಕೈಯಲ್ಲಿ ದೊಡ್ಡ ಸೇವಂತಿಗೆ ಹಾರ. ಅಷ್ಟು ಹೊತ್ತಿಗೆ ನನಗೆ ಹೊಳೆಯಿತು. ನಮ್ಮ ಕಡೆ ಗಂಡಸು ತಲೆ ಮೀಸೆ ತೆಗೆಸುವುದು ಹೆತ್ತವರು ಹೋದಾಗ ಮಾತ್ರ. ಪಂದ್ಯದ ಮಾತಿಗೆ ನಾನು ನಿಜವಾಗಿ ಮೀಸೆ ಕೊಡುತ್ತೇನೆ ಅಂತ ಯಾರೂ ಎಣಿಸಿರಲಿಲ್ಲ, ಟವೆಲ್ಲಿನ ಕೆಳಗೆ ತಲೆಯೂ ಬೋಳು ಅಂದುಕೊಂಡಿದ್ದರು. ನಮ್ಮಪ್ಪ ಹೋಗಿ ಎಷ್ಟೋ ವರ್ಷವಾಗಿದೆ. ಹೆತ್ತವರಲ್ಲಿ ಉಳಿದಿದ್ದವಳು ಅವ್ವ ಒಬ್ಬಳೇ.

ಅಳುತ್ತಾ ಬಾಗಿಲು ಬಡಿದವರಿಗೆ ಬಾಗಿಲು ತೆಗೆದದ್ದು ಆ ಒಬ್ಬಳೇ. ಬಾಯಿ ತುಂಬಾ ಎಲೆ ಅಡಿಕೆ.

ಮುದುಕ ಹಾರ ಹಿಡಿದ ಕೈ ಹಾಗೇ ನಿಲ್ಲಿಸಿಬಿಟ್ಟ. ಹಿಂದೆ ಸರಿಯಲಾರ, ಮುಂದೆ ಬರಲಾರ. ಕೊನೆಗೆ, "ಮಗ ಮೀಸೆ ತೆಗೆಸ್ಯಾನೆ ಅಂತ ಕೇಳಿ ಬಂದ್ವಿ. ಯಾರು ತಾಯಿ ಹೋಗಿದ್ದು?" ಅಂದ.

ಅವ್ವ ಗಾಡಿಯಿಂದ ಇಳಿಯುತ್ತಿದ್ದ ನನ್ನ ಬೋಳು ಮುಖವನ್ನೊಮ್ಮೆ ನೋಡಿದಳು. ಹಾರ ಇಸಿದುಕೊಂಡು ಒಳಗೆ ಹೋಗಿ, ಗದ್ದುಗೆಯ ಮೇಲಿದ್ದ ಪೆಟ್ಟಿಗೆಗೆ ಹಾಕಿ, ಹೊರಗೆ ಬಂದು ಎಲ್ಲರಿಗೂ ಕೂರಲು ಹೇಳಿದಳು.

"ಘೇಂಡಾಮೃಗ," ಅಂದಳು. "ಹೋಗಿ ಭಾಳ ಕಾಲ ಆಗೈತಂತೆ. ನಮ್ಮನೆಗೆ ಸುದ್ದಿ ಈಗ ಬಂತು."